ಮಂಚದ ಕೆಳಗೆ ನಡೆದ ಪತ್ತೇದಾರಿ

ನನ್ನ ಅಕ್ಕನ ಬಲಗಣ್ಣನ್ನು ಉಳಿಸಿಯೇ ತೀರಬೇಕೆಂದು ನಾನು ಸಂಕಲ್ಪ ಮಾಡಿದ್ದು ಸೇಲಂನ ಒಂದು ಕಣ್ಣಾಸ್ಪತ್ರೆಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು. ಕುರ್ಚಿಯ ಒಂದು ಕಾಲು ಸೊಟ್ಟಗಿದ್ದುದರಿಂದ ಸಂಕಲ್ಪಕ್ಕೆ ಬೇಕಾದ ಗಾಂಭೀರ್ಯ ಪೂರ್ತಿಯಾಗಿ ಒದಗಲಿಲ್ಲ. ಆದರೂ ಸಂಕಲ್ಪ ಸಂಕಲ್ಪವೇ. ಡಾಕ್ಟರು ತಮ್ಮ ಪಾಲಿನ ಕೆಲಸ ಮುಗಿಸಿದ್ದರು. ಕಣ್ಣಿನ ಹಿಂದುಗಡೆ ಕಿತ್ತು ಬಂದಿದ್ದ ಪೊರೆಯನ್ನು ಅಂಟಿಸಿ, ಅದು ಕದಲದಂತೆ ಒಳಗೆ ಒಂದು ಗಾಳಿಯ ಗುಳ್ಳೆ ಬಿಟ್ಟಿದ್ದರು. ಉಳಿದದ್ದು ಅಕ್ಕನ ಪಾಲು. ಹತ್ತು ಹನ್ನೆರಡು ದಿನ ಮುಖ ಕೆಳಗೆ ಮಾಡಿ ಬೋರಲು ಮಲಗಬೇಕು. ಉಣ್ಣಲು, ಬಚ್ಚಲಿಗೆ ಹೋಗಲು ಮಾತ್ರ ಏಳಬಹುದು. ಆಗಲೂ ತಲೆ ತಗ್ಗಿಯೇ ಇರಬೇಕು. ತಲೆ ಎತ್ತಿದರೆ ಗುಳ್ಳೆ ಜಾಗ ಬಿಡುತ್ತದೆ, ಪೊರೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಎಡಗಣ್ಣನ್ನು ಬಹಳ ವರ್ಷಗಳ ಹಿಂದೆ, ಕುರಿಗಳಿಗೆ ಜಾಲಿಕಾಯಿ ಉದುರಿಸುವಾಗ, ಒಂದು ಮುಳ್ಳು ತೆಗೆದುಕೊಂಡಿತ್ತು. ಆದ್ದರಿಂದ ಇದು ಹೋದರೆ ಎಲ್ಲವೂ ಹೋದಂತೆ.

"ಪಾಟ್ಟಿ, ಕುಪ್ಪುರ ಪಡುಕ್ಕಣುಂ. ತಲೆ ತೂಕ್ಕವೇ ಕೂಡಾದು," ಎಂದರು ಡಾಕ್ಟರು.

ಅಕ್ಕನಿಗೆ ತಮಿಳು ನನಗಿಂತ ಚೆನ್ನಾಗಿ ಬರುತ್ತದೆ. ಆದರೂ ನಂಬಲಾಗದೆ ನನ್ನ ಕಡೆ ತಿರುಗಿದಳು. "ಕೇಳ್ದೇನ್ಲಾ? ಬೋರ್ಲು ಮಲಗ್ಬೇಕಂತೆ! ಅಂಗೆ ಮಲಗಿದ್ರೆ ನಮ್ಮವ್ವ ಬೆನ್ನಿಗೆ ಬಾರ್ಸೋಳು, ಮನೆಗೆ ಆಗಲ್ಲ ಅಂತ."

"ನಿನ್ನ ಮನೆಗಲ್ಲ, ನನ್ನ ಮನೆಗೆ ತಾನೇ ಕೇಡು? ನಾನು ತಡ್ಕೊತೀನಿ ಬಿಡು."

"ಅಷ್ಟು ದಿನ ಯಾಕ್ಲಾ ಆದ್ರೂ?"

ಡಾಕ್ಟರು ಗೋಡೆ, ಕಾಗದ, ಅಂಟು ಎಂದು ಏನೇನೋ ಉಪಮೆ ಕೊಟ್ಟರು. ನಾನು ಅದನ್ನು ನಮ್ಮ ಕಡೆಗೆ ಒಗ್ಗಿಸಿ ಹೇಳಿದೆ. "ಗೋಡೆಗೆ ಬೆರಣಿ ತಟ್ಟಿ, ಬಿದ್ದೋಗದಂಗೆ ಅಂಗೈ ಒತ್ತಿ ಇಡ್ಕೊಂಡಂಗೆ ಅಕ್ಕ. ಗುಳ್ಳೆ ಅನ್ನೋದೇ ಅಂಗೈ."

"ಬೆರಣಿ ಒಂದು ಬಿಸಿಲಿಗೆ ಒಣಗ್ತೈತೆ," ಎಂದಳು ಅಕ್ಕ. ವಾದದ ಮೊದಲ ಸುತ್ತು ಅವಳದೇ.

ನಾವಿಬ್ಬರೂ ಪೆನ್ನಾಗರಂ ಆಚೆಯ ಒಂದು ಕುರಿಹಟ್ಟಿಯಲ್ಲಿ ಹುಟ್ಟಿದವರು. ನನ್ನನ್ನು ಓದಲೆಂದು ಸೇಲಂಗೆ ಕಳಿಸಿದರು. ಅಕ್ಕನನ್ನು ಪಕ್ಕದ ಹಟ್ಟಿಗೆ ಕೊಟ್ಟರು. ನಾನು ವಕೀಲನಾದೆ, ಅವಳು ಒಂದು ಮಂದೆ ಕುರಿಗೆ ಯಜಮಾನಿಯಾದಳು. ಇಬ್ಬರಲ್ಲಿ ಯಾರ ಮಾತಿಗೆ ಹೆಚ್ಚು ಬೆಲೆ ಬಂತು ಎಂದು ವಿಚಾರಿಸುವುದು ಬೇಡ. ನಾನು ಮಾಡಿದ್ದೆಲ್ಲ ಸಿವಿಲ್ ವ್ಯಾಜ್ಯ. ಇಡೀ ವೃತ್ತಿಜೀವನದಲ್ಲಿ ನನ್ನ ಪಾಲಿಗೆ ಒಂದೇ ಒಂದು ಕೊಲೆಯೂ ಬರಲಿಲ್ಲ. ಬಂದದ್ದೆಲ್ಲ ಬೇಲಿ, ಬದು, ಬಾವಿಯ ಕಾಲುಪಾಲು. ಕೊಲೆಯ ಹಸಿವನ್ನು ನಾನು ಹಳೇ ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಳಿಂದ ತೀರಿಸಿಕೊಂಡೆ. ಕೋರ್ಟಿನಿಂದ ಬಂದು, ಕೋಟು ಬಿಚ್ಚಿ, ಕಾಫಿ ಕುಡಿದು, ಒಬ್ಬ ಶ್ರೀಮಂತ ಮುದುಕನನ್ನು ಅವನ ಲೈಬ್ರರಿಯಲ್ಲಿ ಸಾಯಿಸಿಯೇ ನಾನು ಊಟಕ್ಕೆ ಏಳುತ್ತಿದ್ದುದು. ಈಗ ನಿವೃತ್ತನಾದ ಮೇಲೆ ಬೆಳಿಗ್ಗೆಯೇ ಸಾಯಿಸುತ್ತೇನೆ.

ಅಕ್ಕನನ್ನು ಮನೆಗೆ ಕರೆತಂದೆವು. ಮಲಗಿಸುವ ವಿಧಾನವನ್ನು ಕಂಡುಹಿಡಿದವಳು ನನ್ನ ಹೆಂಡತಿ. ದಿಂಬಿಗೆ ಮುಖ ಒತ್ತಿದರೆ ಉಸಿರು ಕಟ್ಟುತ್ತದೆ. ನಮ್ಮಲ್ಲಿ ಒಂದು ಹಳೆಯ ನವಾರು ಮಂಚವಿತ್ತು. ಅವಳು ತಲೆಯ ಕಡೆಯ ಪಟ್ಟಿಗಳನ್ನು ಬಿಚ್ಚಿ ಅತ್ತಿತ್ತ ಸರಿಸಿ ಕಟ್ಟಿ, ಮುಖ ಹಿಡಿಸುವಷ್ಟು ಒಂದು ಕಿಟಕಿ ಮಾಡಿದಳು. ಸುತ್ತ ಹತ್ತಿಯ ಬಟ್ಟೆ ಸುತ್ತಿದಳು. ಅಕ್ಕ ಬೋರಲು ಮಲಗಿ ಆ ಕಿಟಕಿಯಲ್ಲಿ ಮುಖವಿಟ್ಟರೆ ಕೆಳಗಿನ ನೆಲ ಕಾಣಬೇಕು. ಕಾಣುವ ಕಣ್ಣಿಗೆ ಪಟ್ಟಿ ಕಟ್ಟಿದ್ದರಿಂದ ಅದೂ ಇಲ್ಲ.

ಮೊದಲ ದಿನ ಮಧ್ಯಾಹ್ನಕ್ಕೇ ಅಕ್ಕ ಎದ್ದು ಕೂತಿದ್ದಳು. ನಾವು ಕೂಗಾಡಿ ಮಲಗಿಸಿದೆವು. ಸಂಜೆ ಮತ್ತೆ ಎದ್ದಿದ್ದಳು. ಊರಿನಲ್ಲಿ ಕುರಿಗಳು ಈಯುವ ಕಾಲ, ಮಗನೊಬ್ಬನೇ ನೋಡಿಕೊಳ್ಳುತ್ತಿದ್ದಾನೆ. ಅವನು ಫೋನ್ ಮಾಡಿದಾಗ ಹಿಂದಿನಿಂದ ಮರಿಗಳ ಅರಚಾಟ ಕೇಳುತ್ತಿತ್ತು.

"ಮಾಮ, ಅವ್ವ ಮಲಗೈತಾ?"

"ಈಗ ಮಲಗಿದಾಳೆ. ನೀನು ಫೋನ್ ಇಟ್ರೆ ಎದ್ದೇಳ್ತಾಳೆ."

"ಅವ್ವಂಗೆ ಸೊಲ್ಲುಂಗ ಮಾಮ, ಇಲ್ಲಿ ಎಲ್ಲಾ ನಾನ್ ನೋಡ್ಕೊತೀನಿ ಅಂತ. ಎರಡು ಈದವೆ. ಒಂದಕ್ಕೆ ಅವಳಿ."

ಫೋನಿನಿಂದ ಅವಳಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅಕ್ಕನ ಎರಡು ಮೊಣಕೈ ಮಂಚದ ಮೇಲೆ ಊರಿದವು. "ಬಸ್ಸಿಗೆ ಬಿಡ್ಲಾ ನನ್ನ. ಕಣ್ಣು ಓದ್ರೆ ಓಗ್ಲಿ. ಕುರಿಗೆ ನನ್ನ ಕೈ ಸಾಕು."

ಹೆಂಡತಿ ಟೀವಿ ಹಾಕಿ ನೋಡಿದಳು. ಮುಖ ಕಾಣದ ಧಾರಾವಾಹಿಯಲ್ಲಿ ಯಾರು ಅಳುತ್ತಾರೆ, ಯಾರು ಅಳಿಸುತ್ತಾರೆ ಎಂಬುದೇ ತಿಳಿಯುವುದಿಲ್ಲವೆಂದು ಅಕ್ಕ ಅದನ್ನು ತಿರಸ್ಕರಿಸಿದಳು. ಭಕ್ತಿಗೀತೆ ಹಾಕಿದರೆ, ಸತ್ತವರ ಮನೆಯಂತಿದೆ ಎಂದಳು. ಆಗ ನಾನು ನನ್ನ ಕಪಾಟಿಗೆ ಹೋಗಿ, ರಟ್ಟು ಹರಿದ ಒಂದು ಇಂಗ್ಲಿಷ್ ಕಾದಂಬರಿಯನ್ನು ತೆಗೆದುಕೊಂಡು, ಚಾಪೆ ಹಾಸಿ, ಮಂಚದ ಕೆಳಗೆ ಸೇರಿಕೊಂಡೆ. ಬೇರೆಲ್ಲಿ ಕೂತರೂ ಅಕ್ಕ ನನ್ನ ಮಾತಿಗೆ ತಲೆ ತಿರುಗಿಸುತ್ತಿದ್ದಳು. ಆದ್ದರಿಂದ ಆ ಕಿಟಕಿಯ ನೇರಕ್ಕೆ ಅಂಗಾತ ಮಲಗಿ ಓದುವುದೆಂದು ತೀರ್ಮಾನವಾಯಿತು. ಮೇಲೆ ಬೋರಲು ಅಕ್ಕ, ಕೆಳಗೆ ಅಂಗಾತ ತಮ್ಮ, ನಡುವೆ ಒಂದು ಕೊಲೆ.

"ಕೋರ್ಟಲ್ಲೂ ಜಡ್ಜು ಮೇಲೆ, ನೀವು ಕೆಳಗೆ," ಎಂದಳು ಹೆಂಡತಿ. "ಅಭ್ಯಾಸ ಇದೆಯಲ್ಲ."

ಕತೆ ಹಳೆಯ ಮಾದರಿಯದು, ಅಂದರೆ ಉತ್ತಮ ಮಾದರಿಯದು. ಸಮುದ್ರದ ಪಕ್ಕ ಬಂಡೆಯ ಮೇಲೆ ಒಂದು ಕಲ್ಲಿನ ಮಹಾಮನೆ. ಅದರ ಪಡುವಣ ಭಾಗಕ್ಕೆ ತಲೆಮಾರುಗಳಿಂದ ಬೀಗ. ಮೆಟ್ಟಿಲ ಮೇಲೆ ಒಬ್ಬಳು ಅಜ್ಜಿಯ ಚಿತ್ರಪಟ. ಯಾರು ಎತ್ತ ಹೋದರೂ ಅವಳ ಕಣ್ಣು ಅತ್ತಲೇ. ಬಿರುಗಾಳಿಯ ದಿನ ಬೂದುಬಣ್ಣದ ಹೆಂಗಸೊಬ್ಬಳು ದೀಪ ಹಿಡಿದು ಓಡಾಡುತ್ತಾಳೆಂದು ಪ್ರತೀತಿ. ಮನೆಯ ಯಜಮಾನ ಒಳಗಿನಿಂದ ಅಗಳಿ ಹಾಕಿದ ಕೋಣೆಯಲ್ಲಿ ಸತ್ತು ಬಿದ್ದಿದ್ದಾನೆ. ನಾನು ಇಂಗ್ಲಿಷಿನಲ್ಲಿ ಒಂದು ವಾಕ್ಯ ಓದಿಕೊಂಡು, ಅದನ್ನು ಹಟ್ಟಿಯ ಕನ್ನಡಕ್ಕೆ ಇಳಿಸಿ ಹೇಳಬೇಕು. ಪ್ರತಿ ವಾಕ್ಯಕ್ಕೂ ಒಮ್ಮೆ ನಿಲ್ಲುತ್ತಿದ್ದೆ.

"ಯಾವೂರ್ಲಾ ಇದು?"

"ಇಂಗ್ಲೆಂಡು."

"ಅಲ್ಲಿ ಕುರಿ ಐತಾ?"

"ಬೇಕಾದಷ್ಟು ಐತೆ."

"ಸರಿ, ಯೋಳು."

ಮನೆಯಲ್ಲಿ ನಲವತ್ತು ಕೋಣೆ, ಇರುವವರು ಐದು ಜನ ಎಂದಾಗ ಅಕ್ಕ ತಡೆದಳು. "ಮಿಕ್ಕಿದ್ ರೂಮಾಗೆ ಏನ್ ಮಡಗವ್ರೆ? ಮೇವಾ?"

"ಏನೂ ಇಲ್ಲ. ಖಾಲಿ."

"ಅದುಕ್ಕೇ ಸತ್ತವ್ನೆ. ಒಂದೊಂದ್ ರೂಮಾಗೆ ಹತ್ತು ಆಡು ಕಟ್ಟಿದ್ರೂ ಯಾವನೂ ಒಳಕ್ ಬತ್ತಿರ್ಲಿಲ್ಲ."

ಮಂಜು ಕವಿಯಿತು ಎನ್ನುವುದಕ್ಕೆ ನಾನು ಹೊಗೆನಕಲ್ಲಿನಲ್ಲಿ ನೀರು ಬಂಡೆಗೆ ಅಪ್ಪಳಿಸಿ ಏಳುವ ಹೊಗೆಯನ್ನು ನೆನಪಿಸಿದೆ; ಅಕ್ಕ ಒಪ್ಪಿದಳು. ಬೂದುಬಣ್ಣದ ಹೆಂಗಸನ್ನು ಒಪ್ಪಲಿಲ್ಲ. "ದೆವ್ವಕ್ಕೆ ದೀಪ ಯಾಕ್ಲಾ? ಅದಕ್ಕೂ ನನ್ನಂಗೆ ಕಣ್ಣು ಓಗೈತಾ?" ಬೀಗ ಹಾಕಿದ ಪಡುವಣ ಭಾಗದಲ್ಲಿ ಬಾವಲಿಗಳಿವೆ ಎಂದೆ. "ಅಂಗಾರೆ ದೆವ್ವ ಇರಾಕಿಲ್ಲ. ಬಾವ್ಲಿ ನಾತಕ್ಕೆ ಯಾವ ದೆವ್ವ ನಿಂತಾತು?" ಒಂದು ಶತಮಾನ ಓದುಗರನ್ನು ನಡುಗಿಸಿದ ಭಯಾನಕ ಸಾಮಗ್ರಿಯೆಲ್ಲ ನನ್ನ ಎದೆಯ ಮೇಲೆ ಹೀಗೆ ಒಂದೊಂದಾಗಿ ಸತ್ತು ಬಿತ್ತು. ನಿಜವಾಗಿ ನಡುಗಿಸುವ ವಸ್ತು ಇದ್ದದ್ದು ನನ್ನ ಕಣ್ಣೆದುರು ಮಾತ್ರ: ನವಾರಿನ ಚೌಕಟ್ಟಿನೊಳಗೆ, ಒಂದು ಕಣ್ಣಿಗೆ ಬಿಳಿಯ ಪಟ್ಟಿ, ಇನ್ನೊಂದು ಕಣ್ಣು ಮುಚ್ಚಿದ್ದೇ, ಕೆನ್ನೆಯೆಲ್ಲ ಕೆಳಗೆ ಜೋತು, ನನ್ನನ್ನೇ ನೋಡುವಂತಿದ್ದ ಆ ಮುಖ. ಕಾದಂಬರಿಯ ಚಿತ್ರಪಟದ ಅಜ್ಜಿ ಇವಳ ಮುಂದೆ ಕ್ಯಾಲೆಂಡರಿನ ಲಕ್ಷ್ಮಿ.

ಆದರೆ ಅಕ್ಕ ಏಳಲಿಲ್ಲ. ಅದೇ ಮುಖ್ಯ. ಅಧ್ಯಾಯ ಮುಗಿದರೆ "ಅಪ್ಪುರಂ? ಆಮ್ಯಾಕೆ?" ಎನ್ನುತ್ತಿದ್ದಳು. ನಾನು ಗಂಟಲು ಒಣಗಿತೆಂದರೆ, ಹೆಂಡತಿಗೆ ಕೂಗಿ ಮಜ್ಜಿಗೆ ತರಿಸಿ ಕೊಡಿಸುತ್ತಿದ್ದಳು. ಅಂಗಾತ ಮಲಗಿ ಮಜ್ಜಿಗೆ ಕುಡಿಯುವುದು ಒಂದು ಕಲೆ. ನನಗೆ ಅದು ಕೊನೆಯವರೆಗೂ ಒಲಿಯಲಿಲ್ಲ.

ಸುಳಿವುಗಳು ಬಂದವು. ಒಡೆದ ಕಿಟಕಿಯ ಗಾಜು ಕೋಣೆಯ ಒಳಗಲ್ಲ, ಹೊರಗೆ ಬಿದ್ದಿತ್ತು. ಉರಿದು ಮುಗಿದಿರಬೇಕಾದ ಮೇಣದ ಬತ್ತಿ ಉದ್ದವಾಗಿಯೇ ಇತ್ತು. ಒಂದು ಬೂಟಿಗೆ ಕೆಂಪು ಮಣ್ಣು ಮೆತ್ತಿತ್ತು. ಶಂಕಿತರೂ ಬಂದರು. ಕಪ್ಪು ರೇಷ್ಮೆಯುಟ್ಟು ಸದ್ದಿಲ್ಲದೆ ನಡೆಯುವ ಮನೆವಾರ್ತೆಯ ಹೆಂಗಸು. ಒಂದು ಕೈ ಇಲ್ಲದ ತೋಟದವನು. ಯಜಮಾನನ ಮಗಳನ್ನು ಮದುವೆಯಾಗಲಿದ್ದ ಒಬ್ಬ ಹೊರಗಿನ ಡಾಕ್ಟರು. ಮತ್ತು ಯಜಮಾನನ ತಂಗಿಯ ಮಗ. ಈ ತಂಗಿಯ ಮಗನಿಗೆ ಆ ಹುಡುಗಿಯ ಮೇಲೆ ಮನಸ್ಸಿತ್ತು; ಮಾವ ಕೊಡಲಿಲ್ಲ. ಬೂಟು ಅವನದೇ. ಪೊಲೀಸರೆಲ್ಲ ಅವನನ್ನೇ ಹಿಡಿದು ಕೂತಿದ್ದರು.

ಇಲ್ಲಿ ಅಕ್ಕ ಗಂಭೀರಳಾದಳು. ನಮ್ಮ ಕಡೆ ಅಣ್ಣತಮ್ಮಂದಿರ ಮಗಳ ಮೇಲೆ ಅಕ್ಕತಂಗಿಯರ ಮಗನಿಗೇ ಮೊದಲ ಹಕ್ಕು. ಅದನ್ನು ಮುರೆ ಎನ್ನುತ್ತೇವೆ. ಅವನನ್ನು ಬಿಟ್ಟು ಬೇರೆಯವರಿಗೆ ಕೊಡುವುದಾದರೆ ಅವನ ಒಪ್ಪಿಗೆ ಕೇಳಿ, ಹೊಸ ಪಂಚೆ ಕೊಟ್ಟು ಮರ್ಯಾದೆ ಮಾಡಬೇಕು.

"ಪಂಚೆ ಕೊಟ್ನಾ ಅವ್ನಿಗೆ?"

"ಇಂಗ್ಲೆಂಡಲ್ಲಿ ಪಂಚೆ ಇಲ್ಲ ಅಕ್ಕ."

"ಸೂಟಾದ್ರೂ ಕೊಡ್ಬೇಕಿತ್ತು. ಅಲ್ಲೇ ತಪ್ಪಾಗಿರಾದು." ಹಾಗೆಂದವಳೇ ಸೇರಿಸಿದಳು: "ಆದ್ರೂ ಈ ಹೈದ ಮಾಡಿಲ್ಲ. ತಂಗಿ ಮಗ ಮಾವನ್ನ ಕೊಲ್ಲಾಕಿಲ್ಲ. ಅಂಗಳದಾಗೆ ನಿಂತು ಬೈತಾನೆ. ಊಟದೆಲೆ ಮುಂದಿಂದ ಎದ್ದೋಗ್ತಾನೆ. ಅವ್ವಳವುದಾನ್, ಅಷ್ಟೇಯ."

"ಅದು ಸಾಕ್ಷಿ ಅಲ್ಲ, ಅಭಿಪ್ರಾಯ."

"ಸಾಕ್ಷಿ ಬೇಕೇನ್ಲಾ ನಿಂಗೆ? ನೀನು ನಿನ್ ಮಗ್ಳನ್ನ ನನ್ ಮಗನಿಗೆ ಕೊಟ್ಯಾ? ಹೊರಗೆ ಕೊಟ್ಟೆ. ಈಗ ನೀನು ಸತ್ತಿದ್ದೀಯಾ, ಬದುಕಿದ್ದೀಯಾ? ಯೋಳು."

ಬದುಕಿದ್ದೇನೆಂದು ಒಪ್ಪಿಕೊಂಡೆ. ಅಡುಗೆಮನೆಯಲ್ಲಿ ಹೆಂಡತಿ ನಕ್ಕದ್ದು ಕೇಳಿಸಿತು. ಆ ಮದುವೆಗೆ ಅಳಿಯನಾಗಬೇಕಿದ್ದವನು ಮುಂಚೆಯೇ ಬಂದು ಚಪ್ಪರ ಕಟ್ಟಿ, ಹೊಸ ಪಂಚೆ ಉಟ್ಟು, ಎರಡನೇ ಪಂಕ್ತಿಯಲ್ಲಿ ಕೂತು ಪಾಯಸವನ್ನು ಎರಡು ಸಲ ಹಾಕಿಸಿಕೊಂಡಿದ್ದ. ಕಾನೂನಿನಲ್ಲಿ ಇದನ್ನು ಪೂರ್ವನಿದರ್ಶನ ಎನ್ನುತ್ತಾರೆ. ಬಲವಾದದ್ದೇ.

ಈಗ ನನ್ನ ತೊಂದರೆ ಹೇಳಬೇಕು. ಈ ಕಾದಂಬರಿಯನ್ನು ನಾನು ಹಿಂದೆ ಹಲವು ಸಲ ಓದಿದ್ದೆ. ಕೊಲೆಗಾರ ಯಾರೆಂಬುದು ಮಾತ್ರ ಪ್ರತಿ ಸಲವೂ ಮರೆತುಹೋಗುತ್ತಿತ್ತು. ವಯಸ್ಸು ಓದುಗನಿಗೆ ಕೊಡುವ ಅನುಕೂಲಗಳಲ್ಲಿ ಇದೂ ಒಂದು. ವಾರ ಕಳೆಯುವ ಹೊತ್ತಿಗೆ ಕೊನೆಯ ಅಧ್ಯಾಯ ಹತ್ತಿರ ಬಂತು. ಅಕ್ಕ ತಲೆ ತಗ್ಗಿಸಿಕೊಂಡು ಉಣ್ಣುತ್ತಿದ್ದಾಗ ನಾನು ಪಡಸಾಲೆಗೆ ಹೋಗಿ ಅದನ್ನು ಮುಂಚಿತವಾಗಿ ಓದಿದೆ. ಕೊಲೆಗಾರ ತಂಗಿಯ ಮಗನೇ. ಮೊದಲು ಅವನ ಮೇಲೆ ಸಂಶಯ ತರಿಸಿ, ನಡುವೆ ಅವನನ್ನು ನಿರ್ದೋಷಿಯೆಂದು ತೋರಿಸಿ, ಕೊನೆಗೆ ಅವನೇ ಎಂದು ಬಯಲು ಮಾಡುವ ಕುಶಲತೆ. ಬೇರೆ ದಿನವಾಗಿದ್ದರೆ ಚಪ್ಪಾಳೆ ತಟ್ಟುತ್ತಿದ್ದೆ.

ಇನ್ನೂ ಹಲವು ದಿನ ಅವಳು ಮಲಗಬೇಕಿತ್ತು. ಈ ತೀರ್ಪು ಕೇಳಿದರೆ ಅವಳು ಎದ್ದು ಸೀರೆ ಕೊಡವಿ ಬಸ್‌ಸ್ಟ್ಯಾಂಡಿಗೆ ಹೊರಡುವುದರಲ್ಲಿ ನನಗೆ ಸಂಶಯವಿರಲಿಲ್ಲ. ಒಂದು ಪುಸ್ತಕದಲ್ಲಿರುವ ಅನ್ಯಾಯಕ್ಕಾಗಿ ಒಂದು ಕಣ್ಣನ್ನು ಕಳೆದುಕೊಳ್ಳುವಷ್ಟು ಸ್ವಾಭಿಮಾನ ಅವಳಲ್ಲಿದೆ. ಹೆಂಡತಿಯೊಡನೆ ಪಿಸುಮಾತಿನಲ್ಲಿ ಸಮಾಲೋಚಿಸಿದೆ.

"ಡಾಕ್ಟರು ಮಾಡಿದ ಅಂತ ಬದಲಾಯಿಸಿ," ಎಂದಳು ಅವಳು.

"ದಾಖಲೆ ತಿದ್ದುವುದು ಅಪರಾಧ."

"ನಿಮ್ಮ ದಾಖಲೆ ಫುಟ್‌ಪಾತಲ್ಲಿ ಕೊಂಡಿದ್ದು. ತಿದ್ದಿ."

ತಿದ್ದಿದೆ. ಮಂಚದ ಕೆಳಗೆ ಸೇರಿ, ಪುಸ್ತಕವನ್ನು ಎದೆಯ ಮೇಲೆ ನಿಲ್ಲಿಸಿಕೊಂಡು, ಹೊರಗಿನ ಡಾಕ್ಟರು ತಂಗಿಯ ಮಗನ ಬೂಟು ಕದ್ದು ತೊಟ್ಟದ್ದನ್ನೂ, ಮೇಣದ ಬತ್ತಿ ಬದಲಿಸಿದ್ದನ್ನೂ, ಗಾಜನ್ನು ಒಳಗಿನಿಂದ ಒಡೆದದ್ದನ್ನೂ ವಿವರವಾಗಿ ಹೇಳಿದೆ. ನನಗೇ ಮೆಚ್ಚುಗೆಯಾಗುವಂತೆ ಬಂತು. ಡಾಕ್ಟರಿಗೆ ಬೇಡಿ ಬಿತ್ತು, ಸಮುದ್ರ ಮೊರೆಯಿತು, ತಂಗಿಯ ಮಗ ಟೋಪಿ ತೆಗೆದು ನಿಂತ.

ನಾನು ಶಹಬಾಸ್‌ಗಿರಿಗೆ ಕಾದೆ.

"ಲೇ," ಎಂದಳು ಅಕ್ಕ ಮೇಲಿಂದ.

"ಏನಕ್ಕ?"

"ಪುಟ ತಿರುಗ್ಸಿದ ಸದ್ದೇ ಬರ್ಲಿಲ್ಲ."

ನಾನು ತಡವಾಗಿ ಒಂದು ಪುಟ ತಿರುಗಿಸಿದೆ.

"ಇಷ್ಟು ದಿನ ಒಂದೊಂದ್ ಮಾತಿಗೂ ಬೇಲಿ ಮುಂದೆ ನಿಂತ ಕುರಿ ಅಂಗೆ ನಿಂತು ನಿಂತು ಓದ್ತಿದ್ದೆ. ಇವತ್ತು ಮಡುವಿಗೆ ಬಿಟ್ಟ ಎಮ್ಮೆ ಅಂಗೆ ಸೀದಾ ಓಯ್ತು. ಯಾಕ್ಲಾ? ಏನೈತೆ ಬುಕ್ಕಾಗೆ? ನಿಜ ಯೋಳು. ಇಲ್ದಿದ್ರೆ ಈಗ್ಲೇ ಎದ್ದೆ."

ಎರಡು ಸುಳಿವು, ಒಬ್ಬನೇ ಶಂಕಿತ, ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. "ತಂಗಿ ಮಗನೇ ಮಾಡಿದ್ದು ಅಂತ ಬರೆದವ್ನೆ ಅಕ್ಕ," ಎಂದೆ.

ನವಾರು ಕಿರುಗುಟ್ಟಿತು. ಕಿಟಕಿಯಲ್ಲಿದ್ದ ಮುಖ ಮೇಲಕ್ಕೆ ಸರಿಯತೊಡಗಿತು. ಮೊಣಕೈ ಎರಡೂ ಊರಿ, ಎದೆ ಎತ್ತಿ, ಅವಳು ಏಳುತ್ತಿದ್ದಳು. ನಾನು ಗಾಬರಿಯಲ್ಲಿ ಎದ್ದು ಮಂಚದ ಪಟ್ಟಿಗೆ ಹಣೆ ಹೊಡೆದುಕೊಂಡೆ. ಹೆಂಡತಿ ಕೈಯಲ್ಲಿ ಸೌಟು ಹಿಡಿದೇ ಓಡಿ ಬಂದಳು. "ಅತ್ತಿಗೆ, ತಲೆ! ತಲೆ ಎತ್ತಬೇಡಿ!"

"ತಲೆ ಇರ್ಲಿ! ಯಾವನು ತೀರ್ಪು ಕೊಟ್ಟಿದ್ದು?" ಅಕ್ಕನ ಸ್ವರ ಹಟ್ಟಿಯಿಂದ ಹಟ್ಟಿಗೆ ಕೇಳುವಂಥದು. "ಆ ಹೈದನ ಸೋದ್ರಮಾವ ಎಲ್ಲಿ ಕುಂತಿದ್ದ?"

ಇದನ್ನು ಸ್ವಲ್ಪ ವಿವರಿಸಬೇಕು. ನಮ್ಮ ಹಟ್ಟಿಯ ನ್ಯಾಯದಲ್ಲಿ ಯಾವನ ಮೇಲೆ ತಪ್ಪು ಹೊರಿಸಬೇಕಾದರೂ ಅವನ ಸೋದರಮಾವ ಬಂದು ಪಕ್ಕದಲ್ಲಿ ಕೂರಲೇಬೇಕು. ಮಾವ ಕೂರದೆ ವಿಚಾರಣೆಯಿಲ್ಲ, ತೀರ್ಪಿಲ್ಲ. ನಾನು ಚಿಕ್ಕವನಿದ್ದಾಗ ಒಂದು ಟಗರಿನ ಕಳ್ಳತನದ ನ್ಯಾಯ ಇಡೀ ಬೇಸಿಗೆ ನಿಂತಿತ್ತು. ಆಪಾದಿತನ ಮಾವ ಮಂದೆ ಹೊಡೆದುಕೊಂಡು ಕಾವೇರಿಯಾಚೆ ಮೇವಿಗೆ ಹೋಗಿದ್ದ. ಅವನು ತಿರುಗಿ ಬರುವಷ್ಟರಲ್ಲಿ ಟಗರೇ ತಿರುಗಿ ಬಂದಿತ್ತು. ಇಂಥ ನ್ಯಾಯಕ್ರಮದ ಲಾಭ ನನಗೆ ಸೇಲಂ ಕೋರ್ಟಿನಲ್ಲಿ ಎಷ್ಟೋ ಸಲ ನೆನಪಾಗಿದೆ.

ಹಣೆ ಉಜ್ಜಿಕೊಳ್ಳುತ್ತ ನಾನು ಹೇಳಿದೆ: "ಸೋದ್ರಮಾವ ಎಲ್ಲಿ ಕೂರ್ತಾನೆ ಅಕ್ಕ? ಸತ್ತವನೇ ಸೋದ್ರಮಾವ."

ಅಕ್ಕ ಅರ್ಧ ಎದ್ದವಳು ಅಲ್ಲಿಗೇ ತಡೆದಳು. ಈ ತೊಡಕು ನಮ್ಮ ಹಟ್ಟಿಗೆ ಯಾವ ಕಾಲದಲ್ಲೂ ಬಂದಿರಲಿಲ್ಲ.

"ಅಂಗಾದ್ರೆ," ಎಂದಳು ನಿಧಾನವಾಗಿ, "ತೀರ್ಪೇ ಇಲ್ಲ."

ನನ್ನ ವೃತ್ತಿಜೀವನದಲ್ಲಿ ಎದುರು ಪಕ್ಷದ ವಾದವನ್ನು ಅಷ್ಟು ಸಂತೋಷದಿಂದ ಎಂದೂ ಒಪ್ಪಿಕೊಂಡಿರಲಿಲ್ಲ. "ಸರಿಯಾಗಿ ಹೇಳಿದೆ. ತೀರ್ಪು ಊರ್ಜಿತವಲ್ಲ. ಬರೆದವನಿಗೆ ಕ್ರಮ ಗೊತ್ತಿಲ್ಲ. ಅಪೀಲು ಹಾಕಬೇಕು. ಆ ಹುಡುಗನಿಗೆ ವಕೀಲರು ಯಾರೂ ಇಲ್ಲ. ನೀನು ವಾದ ಮಾಡ್ತೀಯಾ?"

"ನಾನಾ?"

"ಮತ್ತ್ಯಾರು? ನಾನು ಸರ್ಕಾರದ ಕಡೆ. ಇವಳು ಜಡ್ಜು. ಆದರೆ ಒಂದು ಕಂಡೀಷನ್ನು. ಈ ಕೋರ್ಟಲ್ಲಿ ವಕೀಲರು ಬೋರಲು ಮಲಗಿ ವಾದ ಮಾಡಬೇಕು. ಎದ್ದರೆ ಕೇಸು ವಜಾ. ಆ ಹುಡುಗ ನೇಣಿಗೆ."

ಸೌಟು ಹಿಡಿದಿದ್ದ ನ್ಯಾಯಾಧೀಶೆ ತಲೆಯಾಡಿಸಿದಳು. ಮುಖ ಮೆಲ್ಲಗೆ ಮತ್ತೆ ಕಿಟಕಿಗೆ ಇಳಿಯಿತು.

"ಬೂಟಿಂದ ಶುರು ಮಾಡು," ಎಂದಿತು ಆ ಮುಖ.

ಆ ಮೇಲಿನ ದಿನಗಳಲ್ಲಿ ನಾನು ಪುಸ್ತಕವನ್ನು ಮೊದಲಿನಿಂದ ಮತ್ತೆ ಓದಿದೆ. ಈ ಸಲ ಕತೆಯಾಗಿ ಅಲ್ಲ, ಸಾಕ್ಷ್ಯವಾಗಿ. ಅಕ್ಕ ಪ್ರತಿ ಸುಳಿವಿಗೂ ಅಡ್ಡ ನಿಂತಳು. ಕೆಂಪು ಮಣ್ಣು ಬೂಟಿಗೆ ಮೆತ್ತಿದರೆ ಏನಾಯಿತು, ಮಾರಂಡಹಳ್ಳಿ ಸಂತೆಗೆ ಹೋಗಿ ಬಂದ ಯಾರ ಕಾಲಲ್ಲಾದರೂ ಕೆಂಪು ಮಣ್ಣಿರುತ್ತದೆ ಎಂದಳು. ಕಾದಂಬರಿಯವನು ಮಾರಂಡಹಳ್ಳಿಗೆ ಹೋಗಿದ್ದನೆಂದು ರುಜುವಾತಿಲ್ಲವೆಂದು ನಾನು ಆಕ್ಷೇಪಿಸಿದೆ. ಹೋಗಿಲ್ಲವೆಂದು ರುಜುವಾತೆಲ್ಲಿದೆ ಎಂದಳು. ಮೇಣದ ಬತ್ತಿ ಗಾಳಿಗೆ ತಾನೇ ಆರಿತು ಎಂದಳು. ಗಾಜು ಒಡೆದದ್ದು ಸಂಜೆಯ ಮೇಲೆ, ಬತ್ತಿ ಆರಿದ್ದು ಅದಕ್ಕೂ ಮುಂಚೆ ಎಂದು ಪುಟ ತೋರಿಸಿದೆ, ಅಂದರೆ ಓದಿ ಹೇಳಿದೆ. ಸುಳಿವಿನ ಮೇಲೆ ಅವಳು ಎಲ್ಲ ಕಡೆಯೂ ಸೋತಳು. ಹಾಗೆ ಸೋತಷ್ಟೂ ಗಟ್ಟಿಯಾದಳು. ಬರೆದವನು ಜಾಣ, ನಾನೂ ಹಿಂಜರಿಯಲಿಲ್ಲ. ಸುಲಭವಾಗಿ ಗೆಲ್ಲಲು ಬಿಟ್ಟರೆ ಅವಳು ಎದ್ದು ಹೋಗುತ್ತಾಳೆಂಬುದು ನನಗೆ ಗೊತ್ತಿತ್ತು. ಕುತ್ತಿಗೆ ಹಿಡಿದು ನರಳುತ್ತಿದ್ದಳು, ಬೆನ್ನಿಗೆ ಹೆಂಡತಿ ಎಣ್ಣೆ ತಿಕ್ಕುತ್ತಿದ್ದಳು, ವಾದ ಮಾತ್ರ ನಿಲ್ಲಲಿಲ್ಲ.

ಒಂದು ದಿನ ತನ್ನ ಪಕ್ಷದ ಸಾಕ್ಷಿಯನ್ನು ಕರೆ ಎಂದಳು. ಫೋನನ್ನು ಸ್ಪೀಕರಿಗೆ ಹಾಕಿ ಮಂಚದ ಕೆಳಗೆ ಇಟ್ಟೆ. ಆ ಕಡೆ ಮರಿಗಳು ಅರಚುತ್ತಿದ್ದವು.

"ಲೇ ಮಗ, ಮಾವ ಎಣ್ಣು ಕೊಡ್ಲಿಲ್ಲ ಅಂತ ನಿಂಗೆ ಅವನ್ನ ಕೊಲ್ಬೇಕು ಅನ್ಸಿತ್ತಾ? ನಿಜ ಯೋಳು, ಕೋರ್ಟು ಇದು."

"ಎನ್ನಮ್ಮಾ ಇದು? ಮಾಮ ಪಕ್ಕದಾಗೆ ಅವ್ರಾ?"

"ಅವ್ನೇ ಕೇಳ್ತಾ ಅವ್ನೆ. ಯೋಳು."

"ಕೊಲ್ಲಾಕ್ಕೆ ಯಾರಿಗವ್ವಾ ಟೈಮೈತೆ? ನಾನ್ ಜೈಲಿಗೋದ್ರೆ ಕುರಿ ಯಾರ್ ಮೇಯಿಸ್ತಾರೆ? ಮಾಮಾನಾ? ಅವ್ರು ಕೋಟು ಆಕ್ಕೊಂಡು ಬತ್ತಾರೆ, ಕುರಿ ಎದ್ರಿ ಓಡೋಗ್ತಾವೆ. ಸರಿ, ಅಪ್ಪುರಂ ಪೇಸಲಾಂ, ಇಲ್ಲೊಂದು ಈಯ್ತಾ ಐತೆ."

ಸಾಕ್ಷಿಯ ನುಡಿಯಲ್ಲಿ ಸರ್ಕಾರಿ ವಕೀಲರಿಗೆ ಅವಮಾನವಾಗಿದೆಯೆಂದು ನಾನು ದೂರಿದೆ. ಜಡ್ಜು ತಳ್ಳಿಹಾಕಿದಳು. ಅಕ್ಕ ಮೇಲಿಂದ "ಬರ್ಕೋ, ಬರ್ಕೋ," ಎನ್ನುತ್ತಿದ್ದಳು. ಈಯುತ್ತಿದೆ ಎಂಬ ಮಾತು ಅವಳ ಕಿವಿಗೂ ಬಿದ್ದಿತ್ತು. ಈ ಸಲ ಮೊಣಕೈ ಊರಲಿಲ್ಲ. ಅವಳ ಕೈ ಮಾತ್ರ ಮಂಚದ ಪಟ್ಟಿಯನ್ನು ಹಿಡಿದುಕೊಂಡಿತು. ಬೆರಳ ಗಿಣ್ಣು ಬೆಳ್ಳಗಾಗುವಷ್ಟು ಬಿಗಿಯಾಗಿ. ನಾನು ಕೆಳಗಿನಿಂದ ನೋಡಿ, ಮುಂದಿನ ಸುಳಿವಿಗೆ ಹೋದೆ.

ತೀರ್ಪು ಬರುವ ಮೊದಲೇ ಆಸ್ಪತ್ರೆಗೆ ಹೋಗುವ ದಿನ ಬಂತು. ಆಟೋದಲ್ಲಿ ಅವಳು ತಲೆಯನ್ನು ಮಡಿಲಿಗೆ ತಗ್ಗಿಸಿಕೊಂಡೇ ಕೂತಳು. ಡಾಕ್ಟರು ಪಟ್ಟಿ ಬಿಚ್ಚಿ, ದೀಪ ಹಿಡಿದು, ಬಹಳ ಹೊತ್ತು ನೋಡಿದರು. ನಾನು ಪತ್ತೇದಾರನ ಹಾಗೆ ಅವರ ಮುಖದಲ್ಲಿ ಸುಳಿವು ಹುಡುಕುತ್ತಿದ್ದೆ, ಒಂದೂ ಸಿಗಲಿಲ್ಲ. ಕಾದಂಬರಿಯವರು ಮುಖ ನೋಡಿ ಎಲ್ಲ ತಿಳಿದುಕೊಳ್ಳುವುದು ಸುಳ್ಳೆಂದು ಅಂದು ಖಚಿತವಾಯಿತು.

"ಒಟ್ಟಿಕಿಚ್ಚು ಪಾಟ್ಟಿ," ಎಂದರು ಕೊನೆಗೆ. ಅಂಟಿಕೊಂಡಿದೆ. "ಎಷ್ಟೋ ಜನ ಮೂರನೇ ದಿನಕ್ಕೇ ಎದ್ದುಬಿಡುತ್ತಾರೆ. ನೀವು ಹೇಗೆ ಮಲಗಿದಿರಿ?"

"ಕೇಸಿತ್ತು," ಎಂದಳು ಅಕ್ಕ ತಮಿಳಿನಲ್ಲಿ. ಡಾಕ್ಟರು ನನ್ನ ಕಡೆ ನೋಡಿದರು. ನಾನು ವಕೀಲನೆಂದು ಹೇಳಿದೆ. ಅವರು ಮುಂದೆ ಕೇಳಲಿಲ್ಲ.

ಏನು ಕಾಣುತ್ತಿದೆ ಎಂದು ಕೇಳಿದರು. ಅಕ್ಕ ನಿಧಾನವಾಗಿ ತಲೆ ಎತ್ತಿದಳು. ಅಷ್ಟು ದಿನಗಳ ಮೇಲೆ ಅವಳ ಮುಖವನ್ನು ನಾನು ನೇರವಾಗಿ ನೋಡಿದ್ದು ಆಗಲೇ. "ಮ್ಯಾಲೆ ಕಾಣ್ತೈತೆ, ಕೆಳಗೆ ನೀರು. ಹೊಗೆನಕಲ್ಲಾಗೆ ಪರಿಸಲು ತೆಪ್ಪದಾಗೆ ಕುಂತ್ರೆ ನೀರು ಅಲ್ಲಾಡ್ತೈತಲ್ಲ, ಅಂಗೆ." ಅದು ಕರಗುತ್ತಿರುವ ಗುಳ್ಳೆಯ ಅಂಚು, ದಿನ ದಿನಕ್ಕೆ ಇಳಿಯುತ್ತದೆ ಎಂದರು ಡಾಕ್ಟರು. ಆ ಕಣ್ಣಿಗೆ ಕವಿದಿದ್ದ ಹಳೆಯ ಮಬ್ಬನ್ನೂ ಆಪರೇಷನ್ನಿನ ಜೊತೆಗೇ ತೆಗೆದಿದ್ದರಂತೆ.

ನೀರು ಪೂರ್ತಿ ಇಳಿಯಲು ಇನ್ನೂ ಕೆಲವು ವಾರ ಬೇಕಾಯಿತು. ಅಷ್ಟು ದಿನವೂ ಅವಳನ್ನು ಊರಿಗೆ ಬಿಡಲಿಲ್ಲ, ಅವಳೂ ಕೇಳಲಿಲ್ಲ. ನನ್ನ ಹೆಂಡತಿ ತೀರ್ಪನ್ನು ಬಾಯಿಮಾತಿನಲ್ಲಿ ಕೊಟ್ಟಳು: ಸುಳಿವುಗಳೆಲ್ಲ ತಂಗಿಯ ಮಗನ ವಿರುದ್ಧವಿದ್ದರೂ, ಸೋದರಮಾವನ ಸ್ಥಾನ ಖಾಲಿಯಿದ್ದುದರಿಂದ ಬಿಡುಗಡೆ. ಸರ್ಕಾರದ ಕಡೆಯಿಂದ ಮೇಲ್ಮನವಿ ಇಲ್ಲ.

ಪೆನ್ನಾಗರಂ ಬಸ್ಸಿಗೆ ಹತ್ತಿಸಲು ಹೋದೆ. ಅಕ್ಕ ಕಿಟಕಿಯ ಪಕ್ಕ ಕೂತು, ಹೊರಗೆ ನಿಂತಿದ್ದ ನನ್ನನ್ನು ಕೂದಲಿನಿಂದ ಚಪ್ಪಲಿಯವರೆಗೆ ಒಮ್ಮೆ ನೋಡಿದಳು.

"ಲೇ, ಇಷ್ಟು ಮುದುಕ ಯಾವಾಗ್ಲಾ ಆದೆ? ಯಾರೂ ಯೋಳ್ಲೇ ಇಲ್ಲ ನಂಗೆ."

"ನಿನ್ನ ಕಣ್ಣಿಗೆ ಮಬ್ಬಿದ್ದಾಗ ಆಗ್ಬಿಟ್ಟೆ."

"ಕಿವಿ ಮೇಲೆ ಕೂದ್ಲು ಬೇರೆ. ತೆಗ್ಸು." ಆಮೇಲೆ ಅವಳ ನೋಟ ನನ್ನ ತಲೆಯ ಮೇಲಿಂದ ದಾಟಿ ದೂರ ಹೋಯಿತು. ಬಸ್‌ಸ್ಟ್ಯಾಂಡಿನ ಮಾಡು, ಅಂಗಡಿಗಳು, ಅದರಾಚೆ ಏರ್ಕಾಡಿನ ಬೆಟ್ಟ. "ಅಗೋ, ಬೆಟ್ಟದ ರೋಡಾಗೆ ಏನೋ ಒಂದು ಬಿಳೇದು ಹತ್ತಾ ಐತೆ. ವ್ಯಾನು. ತಿರುವಾಗೆ ನಿಂತೈತೆ. ಈಗ ಮತ್ತೆ ಓಯ್ತು."

ನಾನು ಕನ್ನಡಕ ಒರೆಸಿಕೊಂಡು ತಿರುಗಿ ನೋಡಿದೆ. ಬೆಟ್ಟ ಕಂಡಿತು. ರೋಡು ಇರಬೇಕಾದ ಕಡೆ ನೀಲಿಬಣ್ಣ ಕಂಡಿತು.

"ನಂಗೆ ಕಾಣ್ತಿಲ್ಲ ಅಕ್ಕ."

"ನಾ ಯೋಳ್ತೀನಿ ಇರು," ಎಂದಳು. ಡ್ರೈವರು ಹತ್ತಿ ಕೂತ. ಅಕ್ಕ ಕಿಟಕಿಯ ಸರಳು ಹಿಡಿದು, ವ್ಯಾನು ಎಷ್ಟನೇ ತಿರುವಿನಲ್ಲಿದೆ, ಯಾವ ಮರದ ಹಿಂದೆ ಮರೆಯಾಯಿತು, ಎಲ್ಲಿ ಮತ್ತೆ ಬಂತು ಎಂದು ಹೇಳುತ್ತಲೇ ಇದ್ದಳು. ಬಸ್ಸು ಹೊರಟಿತು. ಗೇಟು ದಾಟಿ ರಸ್ತೆಗೆ ತಿರುಗುವವರೆಗೂ ಅವಳ ಸ್ವರ ಕೇಳಿಸುತ್ತಿತ್ತು.